ಹಿಮನದಿಯ ದಾರಿಯೂ ಹಿಂದಿರುಗುವ ವಿದ್ಯೆಯೂ

ಕೋಶ ಓದಬೇಕು, ದೇಶ ಸುತ್ತಬೇಕು ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಿರಿಯರೇ ಕಿರಿಯರಿಗೆ ಹೇಳಿಕೊಡುವುದು ವಾಡಿಕೆ. ಆದರೆ ಹಾಗೆ ಓದಿ ಬೆಳೆದ ಮಗನೋ ಮಗಳೋ ಒಂದು ದಿನ ಎದುರಿಗೆ ನಿಂತು, “ಅಪ್ಪಯ್ಯ, ಹಿಮಾಲಯದಲ್ಲಿ ಎಂಟು ದಿನ ಡೇರೆಯಲ್ಲಿ ಮಲಗಿ, ಕಾಲ್ನಡೆಯಿಂದ ಹಿಮನದಿಯವರೆಗೆ ಹೋಗಿಬರುತ್ತೇನೆ” ಎಂದು ಅಪ್ಪಣೆ ಬೇಡಿದರೆ, ಗಾದೆ ಹೇಳಿದ ಹಿರಿಯರೇ ಮೌನವಾಗುತ್ತಾರೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಎಷ್ಟೋ ಮನೆಗಳಲ್ಲಿ ಈಗ ಈ ಪ್ರಸಂಗವು ಹೊಸದಲ್ಲ. ತಾಯಿಯು ಬೇಡವೆನ್ನುವಳು, ತಂದೆಯು ಖರ್ಚನ್ನು ಕೇಳುವನು, ಅಜ್ಜಿಯು ಅಲ್ಲಿ ಊಟಕ್ಕೇನು ಗತಿಯೆಂದು ಚಿಂತಿಸುವಳು. ಈ ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹಿಮನದಿಯೆಂದರೇನೆಂಬುದನ್ನು ತಿಳಿಯೋಣ. ಎತ್ತರದ ಕಣಿವೆಗಳಲ್ಲಿ ವರ್ಷವರ್ಷವೂ ಬಿದ್ದ ಹಿಮವು ಕರಗಿ ಮುಗಿಯುವ ಮೊದಲೇ ಮತ್ತೆ ಹಿಮ ಬೀಳುವುದರಿಂದ, ಅಡಿಯ ಪದರಗಳು ಮೇಲಿನ ಭಾರಕ್ಕೆ ಒತ್ತಿ ಗಟ್ಟಿ ಮಂಜುಗಡ್ಡೆಯಾಗುತ್ತವೆ. ಆ ರಾಶಿಯು ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಹರಿಯುತ್ತದೆ. ಹರಿಯುವಾಗ ಅದರ ಮೈ ಸೀಳಿ ಆಳವಾದ ಬಿರುಕುಗಳಾಗುತ್ತವೆ. ಹೊಸ ಹಿಮವು ಅವುಗಳ ಬಾಯಿ ಮುಚ್ಚಿ, ನೋಡುವವನಿಗೆ ಗಟ್ಟಿ ನೆಲದಂತೆಯೇ ತೋರುತ್ತದೆ. ನಮ್ಮ ಸೀತಾ ಸ್ವರ್ಣಾ ನದಿಗಳು ಆಷಾಢದ ಮಳೆಗೆ ಉಕ್ಕುವುವು. ಹಿಮನದಿಯ ಬುಡದ ಹೊಳೆಗಳಾದರೋ ಶುಭ್ರವಾದ ಬಿಸಿಲಿನ ದಿನದಲ್ಲಿಯೇ ಉಕ್ಕುವುವು. ಬೆಳಗ್ಗೆ ಮೊಣಕಾಲುದ್ದ ನೀರಿದ್ದ ಹೊಳೆಯು ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿದ ಮೇಲೆ ದಾಟಲಾಗದಂತೆ ಆಗಬಹುದು. ಕರಾವಳಿಯಲ್ಲಿ ಹುಟ್ಟಿ ಬೆಳೆದವನ ಕಣ್ಣು ಇಂಥ ಚಿಹ್ನೆಗಳನ್ನು ಓದಲಾರದು. ಆದಕಾರಣ ಅಲ್ಲಿ ಮಾರ್ಗದರ್ಶಕನು ಬರಿಯ ದಾರಿ ತೋರುವವನಲ್ಲ, ಪ್ರಾಣವನ್ನು ಕಾಯುವವನು.

ಹಿಮನದಿಯೂ ಕಡಲೂ ಒಂದೇ ಕಡೆ ಸೇರುವ ದೇಶಗಳೂ ಉಂಟು. ಅಮೆರಿಕದ ಅಲಾಸ್ಕಾ ಪ್ರಾಂತದಲ್ಲಿ ‘ಗ್ಲೇಸಿಯರ್ ಬೇ’ ಎಂಬ ಕೊಲ್ಲಿಯಿದೆ. ೧೭೯೪ರಲ್ಲಿ ವ್ಯಾಂಕೂವರನೆಂಬ ನಾವಿಕನ ತಂಡದವರು ಅತ್ತ ಹೋದಾಗ ಅದು ಕೊಲ್ಲಿಯಾಗಿರದೆ, ಬಾಯಿಯವರೆಗೂ ಮಂಜುಗಡ್ಡೆಯಿಂದಲೇ ತುಂಬಿತ್ತು. ೧೮೭೯ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿಪ್ರೇಮಿ ಹೋಗುವಷ್ಟರಲ್ಲಿ ಮಂಜು ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಅರವತ್ತೈದು ಮೈಲಿಯಷ್ಟು ಸರಿದಿದೆ. ಅಲ್ಲಿ ಮಾರ್ಗದರ್ಶಕರೊಡನೆ ದಿನಗಟ್ಟಲೆ ದಡದಲ್ಲಿ ಡೇರೆ ಹಾಕಿ ಸಂಚರಿಸುವವರಿದ್ದಾರೆ. ಸಮುದ್ರದ ಭರತವು ಅಲ್ಲಿ ೨೫ ಅಡಿಯವರೆಗೂ ಏರುವುದುಂಟಾದುದರಿಂದ ಡೇರೆಯ ಸ್ಥಳವನ್ನು ಆರಿಸುವುದೇ ಒಂದು ವಿದ್ಯೆ. ಕರಡಿಗೆ ತೆರೆಯಲು ಬಾರದ ಡಬ್ಬಿಗಳಲ್ಲಿ ಆಹಾರವನ್ನಿಟ್ಟು, ಡೇರೆಯಿಂದ ದೂರ ಇರಿಸಬೇಕು. ತಂದ ಕಸವನ್ನು ಹೊತ್ತೇ ಹಿಂದಿರುಗಬೇಕು. ಅಷ್ಟು ಶ್ರೀಮಂತ ದೇಶದವರೂ ಕಾಡಿಗೆ ಹೋದಾಗ ಕಾಡಿನ ನಿಯಮಕ್ಕೆ ತಲೆಬಾಗುವರೆಂಬುದು ನಾವು ಗಮನಿಸಬೇಕಾದ ಸಂಗತಿ.

ನಮಗೆ ಸಮೀಪದ ಹಿಮವೆಂದರೆ ಹಿಮಾಲಯದ್ದೇ. ಉಡುಪಿಗೂ ಹಿಮಾಲಯಕ್ಕೂ ಇರುವ ನಂಟು ಹಳೆಯದು. ಹದಿಮೂರನೆಯ ಶತಮಾನದಲ್ಲಿ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಎರಡು ಸಲ ಬದರಿಗೆ ಯಾತ್ರೆ ಮಾಡಿದರೆಂಬುದನ್ನು ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ವು ವರ್ಣಿಸಿದೆ. ಆ ಕಾಲದ ಯಾತ್ರಿಕನು ತಿಂಗಳುಗಟ್ಟಲೆ ನಡೆದು, ಬಯಲನ್ನೂ ಬೆಟ್ಟದ ಬುಡವನ್ನೂ ಕ್ರಮವಾಗಿ ದಾಟಿ, ಎತ್ತರಕ್ಕೆ ಏರುವಷ್ಟರಲ್ಲಿ ಅವನ ಶರೀರವು ಅಲ್ಲಿನ ಗಾಳಿಗೆ ಒಗ್ಗಿಹೋಗುತ್ತಿತ್ತು. ಇಂದಿನ ತರುಣನೋ ಸೋಮವಾರ ಕಾಪುವಿನ ಕಡಲ ಮರಳಿನಲ್ಲಿ ನಡೆದು, ವಿಮಾನವನ್ನೂ ಮೋಟಾರನ್ನೂ ಹಿಡಿದು, ಅದೇ ವಾರದಲ್ಲಿ ೧೦,೨೦೦ ಅಡಿ ಎತ್ತರದ ಗಂಗೋತ್ರಿಯಲ್ಲಿರಬಲ್ಲನು. ಅಲ್ಲಿಂದ ಗೋಮುಖಕ್ಕೆ ಸುಮಾರು ೧೮ ಕಿಲೋಮೀಟರು ನಡಿಗೆ. ಎತ್ತರ ಸುಮಾರು ೧೩,೦೦೦ ಅಡಿ. ಮೂವತ್ತು ಕಿಲೋಮೀಟರಿನಷ್ಟು ಉದ್ದದ ಗಂಗೋತ್ರಿ ಹಿಮನದಿಯ ಮೂತಿ ಅದು. ಭಾಗೀರಥಿಯು ಹೊರಬೀಳುವುದು ಅಲ್ಲಿಂದಲೇ. ಕಾಲುಗಳು ಹೋಗಬಲ್ಲವು, ಆದರೆ ರಕ್ತವು ಅಷ್ಟು ಬೇಗ ಸಿದ್ಧವಾಗದು.

ಇದಕ್ಕೆ ಕಾರಣವು ಸರಳವಾದುದು. ಮೇಲೇರಿದಂತೆಲ್ಲ ಗಾಳಿಯ ಒತ್ತಡವು ಕಡಮೆಯಾಗುತ್ತದೆ. ಹನ್ನೆರಡು ಸಾವಿರ ಅಡಿಯಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯುವು ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಮೊದಲ ಲಕ್ಷಣಗಳು. ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ಕುಡಿದವನಂತೆ ತೂರಾಡುವ ನಡಿಗೆ, ಅಸಂಬದ್ಧವಾದ ಮಾತು ಇವು ಕಂಡರೆ ಅಪಾಯವು ಬಾಗಿಲಿಗೆ ಬಂದಿದೆಯೆಂದೇ ತಿಳಿಯಬೇಕು. ಇದಕ್ಕೆ ಮುಖ್ಯ ಔಷಧವು ಒಂದೇ: ತಡಮಾಡದೆ ಕೆಳಗಿಳಿಯುವುದು. ಹತ್ತು ಸಾವಿರ ಅಡಿಯ ಮೇಲೆ ಒಂದು ರಾತ್ರಿ ಮಲಗಿದ ಸ್ಥಳಕ್ಕಿಂತ ಮರುರಾತ್ರಿ ಮಲಗುವ ಸ್ಥಳವು ಸುಮಾರು ೧,೬೦೦ ಅಡಿಗಿಂತ ಎತ್ತರವಾಗಿರಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂದು ವೈದ್ಯರು ಹೇಳುವರು. ಗಂಗೋತ್ರಿಯಿಂದ ಭೋಜಬಾಸಾಕ್ಕೆ ಒಂದೇ ದಿನದಲ್ಲಿ ಎರಡು ಸಾವಿರ ಅಡಿಗೂ ಹೆಚ್ಚು ಏರಬೇಕಾಗುವುದರಿಂದ, ಗಂಗೋತ್ರಿಯಲ್ಲಿ ಒಂದೆರಡು ರಾತ್ರಿ ಹೆಚ್ಚಾಗಿ ಕಳೆಯುವುದೇ ಜಾಣತನ. “ಐದೇ ದಿನದಲ್ಲಿ ಎಲ್ಲವನ್ನೂ ತೋರಿಸುತ್ತೇವೆ” ಎನ್ನುವವರ ಯೋಜನೆಯಲ್ಲಿ ಈ ದಿನಗಳು ಎಲ್ಲಿವೆಯೆಂದು ಮನೆಯ ಹಿರಿಯರು ಕೇಳಬೇಕು.

ಹವಾಮಾನದ ಅಪಾಯವಾದರೋ ಅನುಭವಿಗಳನ್ನೂ ಬಿಡದು. ೨೦೨೪ರ ಜೂನ್ ತಿಂಗಳ ಆರಂಭದಲ್ಲಿ ಉತ್ತರಕಾಶಿ ಸೀಮೆಯ ಸಹಸ್ರತಾಲ್ ಸರೋವರದ ದಾರಿಯಲ್ಲಿ, ಹದಿನಾಲ್ಕು ಸಾವಿರ ಅಡಿಯ ಆಸುಪಾಸಿನಲ್ಲಿ, ೨೨ ಮಂದಿಯ ಚಾರಣದ ತಂಡವೊಂದು ಹಿಮಬಿರುಗಾಳಿಗೆ ಸಿಕ್ಕಿತು. ಅವರಲ್ಲಿ ಬಹುಪಾಲು ನಮ್ಮ ಕರ್ನಾಟಕದವರು. ಒಂಬತ್ತು ಮಂದಿ ತೀರಿಕೊಂಡರು. ಹದಿಮೂರು ಮಂದಿಯನ್ನು ರಕ್ಷಿಸಿ ಕೆಳಗೆ ತರಲಾಯಿತು. ಆ ಕುಟುಂಬಗಳ ದುಃಖದ ಮುಂದೆ ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಆದರೂ ಒಂದು ಪಾಠವನ್ನು ಕಲಿಯದಿರಲಾಗದು: ಒದ್ದೆಯಾದ ಮೈಗೆ ಗಾಳಿ ಬಡಿದರೆ, ಕರಾವಳಿಯಲ್ಲಿ ನಾವು ಬೆವರುತ್ತಿರುವ ಅದೇ ಜೂನ್ ತಿಂಗಳಲ್ಲಿ, ಮನುಷ್ಯನ ದೇಹದ ಶಾಖವು ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ.

ಮಹಾಭಾರತದ ಅಭಿಮನ್ಯುವನ್ನು ಇಲ್ಲಿ ನೆನೆಯಬೇಕು. ಚಕ್ರವ್ಯೂಹವನ್ನು ಹೊಗುವ ವಿದ್ಯೆಯು ಅವನಿಗೆ ಗೊತ್ತಿತ್ತು. ಹೊರಬರುವ ವಿದ್ಯೆಯು ಗೊತ್ತಿರಲಿಲ್ಲ. ಪರ್ವತಾರೋಹಣದಲ್ಲಿ ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡ ವಿದ್ಯೆ. ಇದು ನಮ್ಮ ಕರಾವಳಿಗೆ ಅಪರಿಚಿತವೂ ಅಲ್ಲ. ಮಲ್ಪೆ, ಕಾಪುಗಳ ಮೀನುಗಾರರ ಮನೆಗಳಲ್ಲಿ ಕೇಳಿ ನೋಡಿರಿ. ದೋಣಿಯ ತಾಂಡೇಲನು ಆಕಾಶವನ್ನು ನೋಡಿ “ಇಂದು ಬೇಡ” ಎಂದರೆ ಎಂಥ ಬಲಶಾಲಿಯೂ ಎದುರಾಡುವುದಿಲ್ಲ. ಖಾಲಿ ಬಲೆಯೊಡನೆ ಮರಳಿದವನನ್ನು ಯಾರೂ ಹೇಡಿಯೆನ್ನುವುದಿಲ್ಲ. ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ದಡದಲ್ಲೇ ನಿಲ್ಲುವುವು. ಕಡಲಿಗೆ ತೋರುವ ಈ ಮರ್ಯಾದೆಯನ್ನೇ ಬೆಟ್ಟಕ್ಕೂ ತೋರಬೇಕು. ಮಾರ್ಗದರ್ಶಕನೇ ಬೆಟ್ಟದ ತಾಂಡೇಲ.

ಆದುದರಿಂದ ಹಿಮಾಲಯಕ್ಕೆ ಮುನ್ನ ಮನೆಯ ಬಳಿಯ ಬೆಟ್ಟದಲ್ಲಿ ಪಾಠವಾಗಲಿ. ಕಾರ್ಕಳದಿಂದ ಪೂರ್ವಕ್ಕೆ ನೋಡಿದರೆ ಘಟ್ಟದ ಗೋಡೆ ಎದ್ದು ನಿಂತಿದೆ. ಅದರ ಮೇಲಿನ ಕುದುರೆಮುಖ ಶಿಖರವು ಸುಮಾರು ೬,೨೦೦ ಅಡಿ; ಸುತ್ತಲಿನ ಕಾಡು ೧೯೮೭ರಿಂದ ರಾಷ್ಟ್ರೀಯ ಉದ್ಯಾನ. ಕಳಸದ ಕಡೆಯ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಸುಮಾರು ೨೦ ಕಿಲೋಮೀಟರು. ಅರಣ್ಯ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು, ಮಾರ್ಗದರ್ಶಕನು ಜೊತೆಗಿರಬೇಕು, ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯುಂಟು, ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ೨೦೨೪ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಸರಕಾರವು ಇಂಥ ನಿಯಮಗಳನ್ನು ಬಿಗಿಮಾಡಿತು. ಕಾಡಿನಲ್ಲಿ ಮಲಗಲಾಗದಿದ್ದರೂ, ತಪ್ಪಲಿನ ಹಳ್ಳಿಯ ಮನೆಯಲ್ಲಿ ತಂಗಿ, ಒಂದು ದಿನ ಕುದುರೆಮುಖ, ಇನ್ನೊಂದು ದಿನ ಕುರಿಂಜಾಲು, ಮತ್ತೊಂದು ದಿನ ಗಂಗಡಿಕಲ್ಲು ಎಂದು ಮೂರು ದಿನ ನಡೆದರೆ ಸಾಕಷ್ಟು ಪರೀಕ್ಷೆಯಾಗುವುದು. ಮೊದಲನೆಯ ದಿನ ಎಲ್ಲರೂ ವೀರರೇ; ಮೂರನೆಯ ದಿನ ಬೊಬ್ಬೆಯೆದ್ದ ಕಾಲಿನಲ್ಲಿ, ಮಂಜು ಕವಿದ ಹುಲ್ಲುಗಾವಲಿನಲ್ಲಿ ತಾಳ್ಮೆ ಉಳಿಯಿತೇ, ಮಾರ್ಗದರ್ಶಕನ ಮಾತನ್ನು ಕೇಳಿದರೇ ಎಂಬುದೇ ಅರ್ಹತೆಯ ಅಳತೆ. ದೇಹದ ಅಭ್ಯಾಸಕ್ಕಾದರೋ ಕಾಪುವಿನ ಮರಳೂ ಮಣಿಪಾಲದ ಏರುದಾರಿಯೂ ಬೆನ್ನ ಮೇಲೊಂದು ಹೊರೆಯೂ ಎರಡು ತಿಂಗಳ ಕಾಲ ಸಾಕು.

ಇನ್ನು ಹಣ ಕಟ್ಟುವ ಮುನ್ನ ಹಿರಿಯರು ಕೇಳಬೇಕಾದ ಪ್ರಶ್ನೆಗಳು. ಮೊದಲನೆಯದು: ತಂಡದ ನಾಯಕನು ತರಬೇತಾದವನೇ? ಡಾರ್ಜಿಲಿಂಗಿನಲ್ಲಿ ೧೯೫೪ರಿಂದಲೂ, ಉತ್ತರಕಾಶಿಯಲ್ಲಿ ೧೯೬೫ರಿಂದಲೂ ಪರ್ವತಾರೋಹಣವನ್ನು ಕಲಿಸುವ ಸಂಸ್ಥೆಗಳಿವೆ. ಅಂಥಲ್ಲಿ ಕಲಿತವನೋ ಎಂದು ಕೇಳುವುದು ಅವಮಾನವಲ್ಲ. ಎರಡನೆಯದು: ಹವೆ ಕೆಟ್ಟರೆ ನಿಲ್ಲಲು ಒಂದೆರಡು ದಿನಗಳನ್ನು ಮೀಸಲಿಟ್ಟಿದ್ದಾರೆಯೇ? ಮೂರನೆಯದು: ಒಬ್ಬನಿಗೆ ಅಸ್ವಸ್ಥವಾದರೆ ಅವನನ್ನು ಕೆಳಗಿಳಿಸಲು ಬೇರೆ ಆಳಿದ್ದಾನೆಯೇ, ಪ್ರಾಣವಾಯುವಿನ ಸಿಲಿಂಡರು ಇದೆಯೇ? ನಾಲ್ಕನೆಯದು: ಸರಕಾರದ ಅನುಮತಿಯಿದೆಯೇ? ಗೋಮುಖದ ದಾರಿಯಲ್ಲಿ ದಿನಕ್ಕೆ ೧೫೦ ಮಂದಿಗೆ ಮಾತ್ರ ಪ್ರವೇಶವೆಂಬ ನಿಯಮವಿದೆ. ಯಾವ ರಾತ್ರಿ ಯಾವ ಸ್ಥಳ, ಯಾವ ದಿನದವರೆಗೆ ದೂರವಾಣಿ ದೊರೆಯದು ಎಂಬುದನ್ನು ಬರೆಯಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಬೇಕು. ಉಬ್ಬಸ, ಹೃದಯದ ತೊಂದರೆ ಮೊದಲಾದುವನ್ನು ವೈದ್ಯರಿಂದಲೂ ನಾಯಕನಿಂದಲೂ ಮುಚ್ಚಿಡಬಾರದು.

ಗೃಹಿಣಿಯರಿಗೂ ಎರಡು ಮಾತು. ಹತ್ತಿಯ ಬಟ್ಟೆಯು ಒದ್ದೆಯಾದರೆ ಬೇಗ ಒಣಗದೆ ಮೈಯ ಶಾಖವನ್ನು ಎಳೆಯುವುದರಿಂದ, ಉಣ್ಣೆಯ ಬಟ್ಟೆಗಳನ್ನು ಪದರಪದರವಾಗಿ ಹಾಕಿಕೊಳ್ಳುವಂತೆ ಕಟ್ಟಿಕೊಡಿ. ಎಲ್ಲಕ್ಕೂ ಹೊರಗೆ ಮಳೆಗಾಳಿ ತಡೆಯುವ ಒಂದು ಅಂಗಿಯಿರಲಿ. ಹೊಸ ಬೂಟನ್ನು ಮನೆಯಲ್ಲೇ ಒಂದು ತಿಂಗಳು ಸವೆಸಲಿ. ಉಪ್ಪಿನಕಾಯಿಯ ಗಾಜಿನ ಭರಣಿ ಬೇಡ. ಹುರಿಗಡಲೆ, ಬೆಲ್ಲ, ನೆಲಗಡಲೆ, ಒಣದ್ರಾಕ್ಷಿಗಳು ಹಗುರವೂ ಹೌದು, ನಡೆಯುವಾಗ ಬಲವನ್ನೂ ಕೊಡುವುವು. ಚಳಿಯಲ್ಲಿ ಬಾಯಾರಿಕೆ ತೋರದಿದ್ದರೂ ನೀರು ಕುಡಿಯುತ್ತಿರಲು ಹೇಳಿ. ಕಸ ತುಂಬಿ ತರಲು ಒಂದು ಚೀಲವನ್ನು ಮರೆಯದೆ ಇಡಿ. ಆ ಚಳಿಯಲ್ಲಿ ಹಣ್ಣಿನ ಸಿಪ್ಪೆಯೂ ಬೇಗ ಕೊಳೆಯದು.

ಮಗಳಿಗೆ ಅನುಮತಿ ಕೊಡಬಹುದೇ ಎಂದು ಕೇಳುವವರಿಗೆ ಉತ್ತರವು ಸ್ಪಷ್ಟವಾಗಿದೆ. ೧೯೮೪ರಲ್ಲಿ ಎವರೆಸ್ಟನ್ನೇರಿದ ಬಚೇಂದ್ರಿ ಪಾಲರು ಉತ್ತರಕಾಶಿ ಸೀಮೆಯ ಹಳ್ಳಿಯ ಹೆಣ್ಣುಮಗಳು. ಬೆಟ್ಟವು ಗಂಡು ಹೆಣ್ಣೆಂಬ ಭೇದವನ್ನು ಮಾಡದು. ಸಿದ್ಧತೆಯಿದ್ದವರು, ಇಲ್ಲದವರು ಎಂಬ ಭೇದವನ್ನು ಮಾತ್ರ ಮಾಡುತ್ತದೆ.

ಇಷ್ಟೆಲ್ಲ ಅಪಾಯವಿದ್ದರೆ ಹೋಗುವುದಾದರೂ ಏಕೆ? ಗೋಮುಖದ ಮಂಜು ೧೯೩೫ರಿಂದೀಚೆಗೆ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ನಮ್ಮ ಮಕ್ಕಳು ಇಂದು ಕಾಣುವುದನ್ನು ಅವರ ಮಕ್ಕಳು ಅದೇ ಸ್ಥಳದಲ್ಲಿ ಕಾಣಲಾರರು. ಪುಸ್ತಕದಲ್ಲಿ ಓದಿದ ಗಂಗೆಯ ಮೂಲವನ್ನು ಕಣ್ಣಾರೆ ಕಂಡವನಿಗೆ ಒಂದು ಲೋಟ ನೀರಿನ ಬೆಲೆಯೂ ತಿಳಿಯುವುದು. ತನ್ನ ಹೊರೆಯನ್ನು ತಾನೇ ಹೊತ್ತು, ತನ್ನ ತಟ್ಟೆಯನ್ನು ತಾನೇ ತೊಳೆದು, ಸೋತ ಸಂಗಡಿಗನಿಗಾಗಿ ಕಾದು ನಿಂತವನು ಮನೆಗೆ ಮರಳುವಾಗ ಹೊಸ ಗುಣವನ್ನು ಹೊತ್ತು ತರುವನು.

ಆದಕಾರಣ ಕೇಳಬೇಕಾದ ಮೊದಲ ಪ್ರಶ್ನೆಯು ಇದು: ಈ ಮಗುವಿಗೆ ಅರ್ಧದಾರಿಯಿಂದ ಹಿಂದಿರುಗಲು ಧೈರ್ಯವಿದೆಯೇ, ಹಾಗೆ ಹಿಂದಿರುಗಿದರೆ ಸ್ವೀಕರಿಸಲು ಮನೆಗೆ ಮನಸ್ಸಿದೆಯೇ? ಕಟ್ಟಿದ ಹಣ ವ್ಯರ್ಥವಾಯಿತೆಂಬ ಅಂಜಿಕೆ, ಸಂಗಡಿಗರು ನಗುವರೆಂಬ ಸಂಕೋಚ, ಮನೆಯವರು ಆಡಿಕೊಳ್ಳುವರೆಂಬ ಭಯ ಇವು ತಲೆನೋವನ್ನು ಮುಚ್ಚಿಟ್ಟು ಮುಂದೆ ನಡೆಯುವಂತೆ ಮಾಡುವ ಶತ್ರುಗಳು. ಇವುಗಳನ್ನು ಗೆಲ್ಲುವ ಶಕ್ತಿಯಿರುವುದು ಮಾರ್ಗದರ್ಶಕನಲ್ಲಲ್ಲ, ಮನೆಯಲ್ಲಿ. ಹೊರಡುವ ದಿನ ದೇವರಿಗೆ ದೀಪ ಹಚ್ಚಿ, ನಮಸ್ಕರಿಸಿದ ಮಗುವಿನ ತಲೆಯ ಮೇಲೆ ಕೈಯಿಟ್ಟು ಹಿರಿಯರು ಈ ಮಾತನ್ನು ಹೇಳಲಿ: “ಮಗಾ, ಹಿಮನದಿಯನ್ನು ಕಂಡು ಬಂದರೆ ಸಂತೋಷ, ಕಾಣದೆ ಬಂದರೂ ಅಷ್ಟೇ ಸಂತೋಷ. ಈ ಮನೆಯಲ್ಲಿ ಯಾರೂ ನಗುವುದಿಲ್ಲ. ಮೈಗೆ ಸರಿಯಿಲ್ಲವೆನಿಸಿದ ಕ್ಷಣವೇ ಬಾಯಿಬಿಟ್ಟು ಹೇಳು, ಹಿಂದಿರುಗು.” ಉಣ್ಣೆಯ ಅಂಗಿಗಿಂತಲೂ ಬೆಚ್ಚಗಿನ ರಕ್ಷೆ ಇದು, ಇದಕ್ಕೆ ಖರ್ಚೂ ಇಲ್ಲ, ಭಾರವೂ ಇಲ್ಲ.