ಲೆಕ್ಕಕ್ಕೆ ಬಾರದ ಗಂಟೆಗಳು

ಬಂಧಿಸಿದ ವ್ಯಕ್ತಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಒಬ್ಬನನ್ನು ಹಿಡಿದರು ಎನ್ನೋಣ. ಅಲ್ಲಿಂದ ಕುಣಿಗಲ್ಲಿನ ನ್ಯಾಯಾಲಯಕ್ಕೆ ಕರೆತರಲು ಹಿಡಿಯುವ ಹೊತ್ತು ಈ 24 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ವಿನಾಯಿತಿ; ಯಾರೂ ತಕರಾರು ತೆಗೆಯುವುದಿಲ್ಲ. ಭಯೋತ್ಪಾದನೆಯ ಶಂಕಿತರ ವಿಷಯಕ್ಕೆ ಬಂದಾಗ ಮಾತ್ರ ಇಡೀ ಜಟಾಪಟಿ ಈ ಲೆಕ್ಕದ ಸುತ್ತಲೇ ನಡೆಯುತ್ತದೆ. ಯಾವ ಹೊತ್ತನ್ನು ಎಣಿಸಬೇಕು, ಯಾವುದನ್ನು ಬಿಡಬೇಕು, ಎಣಿಸುವವರು ಯಾರು?

ಪೊಲೀಸರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕಳವಿನ ತನಿಖೆ ಕಳವಾದ ಮೇಲೆ ಶುರುವಾಗುತ್ತದೆ. ಬಾಂಬಿನ ತನಿಖೆ ಅದು ಸಿಡಿಯುವ ಮೊದಲೇ ಮುಗಿಯಬೇಕು. ಫೋನು, ಕಂಪ್ಯೂಟರು, ಬ್ಯಾಂಕ್ ಖಾತೆಗಳನ್ನು ಜಾಲಾಡಬೇಕು, ಹೊರದೇಶದ ಪೊಲೀಸರ ಉತ್ತರಕ್ಕೆ ಕಾಯಬೇಕು. ಅಷ್ಟರಲ್ಲಿ ಶಂಕಿತನನ್ನು ಬಿಟ್ಟರೆ ಸುಳಿವೇ ತಪ್ಪಬಹುದು. ಹಾಗೆಂದು ಕಾಯುವ ಹೊತ್ತಿಗೆ ಮಿತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೂಡಿಗೆರೆಯಲ್ಲಿ ಹುಟ್ಟಿದ ವೈದ್ಯ ಮೊಹಮ್ಮದ್ ಹನೀಫ್ ಅವರ ಪ್ರಕರಣ ಜಗತ್ತಿನ ಕಾನೂನು ಚರ್ಚೆಗಳಲ್ಲಿ ಇಂದಿಗೂ ಉದಾಹರಣೆಯಾಗಿದೆ.

ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಹನೀಫ್ ಕೆಲಕಾಲ ಇಂಗ್ಲೆಂಡಿನಲ್ಲಿದ್ದು, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಸೇರಿದರು. ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲ್ ಸಿಮ್ ಕಾರ್ಡನ್ನು ದೂರದ ಸಂಬಂಧಿ ಸಬೀಲ್ ಅಹ್ಮದ್‌ಗೆ ಕೊಟ್ಟುಬಂದಿದ್ದರು. 2007ರ ಜೂನ್ 30ರಂದು ಸಬೀಲ್‌ನ ಅಣ್ಣ, ಬೆಂಗಳೂರಿನ ಕಫೀಲ್ ಅಹ್ಮದ್, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ. ಸುಟ್ಟಗಾಯಗಳಿಂದ ಮುಂದೆ ತಾನೇ ಸತ್ತ. ದಾಳಿಯಾದ ಎರಡೇ ದಿನಕ್ಕೆ, ಜುಲೈ 2ರ ರಾತ್ರಿ, ಹನೀಫ್ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಕೈಯಲ್ಲಿದ್ದದ್ದು ಬೆಂಗಳೂರಿಗೆ ಹೋಗುವ ಟಿಕೆಟ್ ಮಾತ್ರ, ಮರಳಿ ಬರುವ ಟಿಕೆಟ್ ಇರಲಿಲ್ಲ. ಇದು ಪೊಲೀಸರ ಅನುಮಾನವನ್ನು ಹೆಚ್ಚಿಸಿತು. ಕೆಲವೇ ದಿನಗಳ ಹಿಂದೆ ಹೆಂಡತಿಗೆ ಬೆಂಗಳೂರಿನಲ್ಲಿ ಹೆರಿಗೆಯಾಗಿತ್ತು, ಮಗುವನ್ನು ನೋಡಲು ಹೊರಟಿದ್ದೆ ಎಂದು ಅವರು ಹೇಳಿದರು. ಹೊರಡುವ ಮುನ್ನ ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ನಾಲ್ಕು ಸಲ ಫೋನ್ ಮಾಡಲು ಯತ್ನಿಸಿದ್ದೂ ನಿಜ. ತಲೆಮರೆಸಿಕೊಳ್ಳುವವನು ಪೊಲೀಸರಿಗೆ ಫೋನ್ ಮಾಡುವುದುಂಟೇ ಎಂಬ ಪ್ರಶ್ನೆಗೆ ಆಗ ಹೆಚ್ಚು ಬೆಲೆ ಸಿಗಲಿಲ್ಲ.

ಆಸ್ಟ್ರೇಲಿಯಾದ ಕಾನೂನಿನಂತೆ ಭಯೋತ್ಪಾದನೆ ಪ್ರಕರಣದ ಬಂಧಿತನನ್ನು ಒಟ್ಟು 24 ಗಂಟೆ ಮಾತ್ರ ಪ್ರಶ್ನಿಸಬಹುದಿತ್ತು. ಕೇಳಲು ನಮ್ಮದಕ್ಕಿಂತ ಬಿಗಿಯಾದ ನಿಯಮ. ಆದರೆ ಊಟ, ನಿದ್ದೆ, ವಕೀಲರ ಭೇಟಿಯ ಹೊತ್ತನ್ನು ಅದರಲ್ಲಿ ಎಣಿಸುವಂತಿರಲಿಲ್ಲ. ಹೊರದೇಶದಿಂದ ಮಾಹಿತಿ ಬರಬೇಕು, ಅಲ್ಲಿ ಈಗ ರಾತ್ರಿ ಎಂಬ ಕಾರಣಕ್ಕೆ ಕಾದ ಹೊತ್ತನ್ನೂ ಮ್ಯಾಜಿಸ್ಟ್ರೇಟರ ಒಪ್ಪಿಗೆಯಿದ್ದರೆ ಬಿಟ್ಟುಬಿಡಬಹುದಿತ್ತು. ಹೀಗೆ ಬಿಡುವ ಹೊತ್ತು ಒಟ್ಟು ಎಷ್ಟು ಎಂಬುದಕ್ಕೆ ಮಿತಿಯನ್ನೇ ಬರೆದಿರಲಿಲ್ಲ. ಅಮೃತೂರಿನಿಂದ ಕುಣಿಗಲ್ಲಿಗೆ ಬರುವ ದಾರಿಯನ್ನು ಬೇಕೆಂದಷ್ಟು ಎಳೆದಂತೆ. 24 ಗಂಟೆಯ ಕಾನೂನಿನಡಿ ಹನೀಫ್ ಆರೋಪವೇ ಇಲ್ಲದೆ 12 ದಿನ ಕಸ್ಟಡಿಯಲ್ಲಿದ್ದರು.

ಜುಲೈ 14ರಂದು ಆರೋಪ ಹೊರಿಸಲಾಯಿತು: ಸಿಮ್ ಕೊಡುವ ಮೂಲಕ, ಪರಿಣಾಮದ ಪರಿವೆಯಿಲ್ಲದೆ, ಭಯೋತ್ಪಾದಕ ಸಂಘಟನೆಗೆ ನೆರವಾದರು ಎಂದು. ಗರಿಷ್ಠ ಶಿಕ್ಷೆ 15 ವರ್ಷ. ಸಿಮ್ ದಾಳಿಯ ಜೀಪಿನಲ್ಲೇ ಸಿಕ್ಕಿತೆಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ, ಸಬೀಲ್ ಬಳಿ. 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ 10,000 ಡಾಲರ್ ಜಾಮೀನು ನೀಡಿದರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರೂಸ್, ದುಷ್ಟರ ಒಡನಾಟದ ಕಾರಣ ಕೊಟ್ಟು, ಹನೀಫ್ ಅವರ ವೀಸಾವನ್ನೇ ರದ್ದುಪಡಿಸಿದರು. ಜೈಲಿನಿಂದ ಹೊರಬಂದರೆ ವಲಸೆ ಇಲಾಖೆಯ ಬಂಧನ ಕಾದಿತ್ತು. ಹಾಗಾಗಿ ಜಾಮೀನು ಹಣ ಕಟ್ಟದೆ ಜೈಲಿನಲ್ಲೇ ಉಳಿದರು. ನ್ಯಾಯಾಲಯ ತೆರೆದ ಬಾಗಿಲನ್ನು ಸರ್ಕಾರ ಇನ್ನೊಂದು ಕಾನೂನಿನಿಂದ ಮುಚ್ಚಿದ ರೀತಿ ಈ ಪ್ರಕರಣದ ಅತ್ಯಂತ ಕೆಟ್ಟ ಭಾಗ. 12 ದಿನಗಳ ಕಸ್ಟಡಿಗಾದರೂ ಮ್ಯಾಜಿಸ್ಟ್ರೇಟರ ಸಹಿ ಇತ್ತು.

ಪೊಲೀಸ್ ವಿಚಾರಣೆಯ ದಾಖಲೆಯನ್ನು ಹನೀಫ್ ಅವರ ವಕೀಲ ಸ್ಟೀಫನ್ ಕೀಮ್ ಪತ್ರಿಕೆಗೆ ಕೊಟ್ಟ ಮೇಲೆ ಪೊಲೀಸರ ಹೇಳಿಕೆಗೂ ಹನೀಫ್ ಉತ್ತರಗಳಿಗೂ ತಾಳೆಯಾಗದ್ದು ಹೊರಬಿತ್ತು. ಜುಲೈ 27ರಂದು ಆರೋಪ ಕೈಬಿಡಲಾಯಿತು; ಎರಡು ದಿನದ ಬಳಿಕ ಅವರು ಬೆಂಗಳೂರಿನಲ್ಲಿದ್ದರು. ಬರೀ ನೆಂಟಸ್ತಿಕೆಯನ್ನು ದುಷ್ಟರ ಒಡನಾಟ ಎನ್ನಲಾಗದು ಎಂದು ಆಗಸ್ಟ್ 21ರಂದು ಫೆಡರಲ್ ನ್ಯಾಯಾಲಯ ವೀಸಾ ರದ್ದತಿಯನ್ನು ತಳ್ಳಿಹಾಕಿತು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ 2008ರಲ್ಲಿ ನೀಡಿದ ವರದಿಯಂತೆ, ದಾಳಿಯ ಬಗ್ಗೆ ಹನೀಫ್‌ಗೆ ತಿಳಿದಿತ್ತು ಎನ್ನಲು ಪುರಾವೆ ಇರಲಿಲ್ಲ. 2010ರಲ್ಲಿ ಪರಿಹಾರವೂ ಸಿಕ್ಕಿತು, ಕಾನೂನೂ ತಿದ್ದುಪಡಿಯಾಯಿತು: ಲೆಕ್ಕಕ್ಕೆ ಬಾರದ ಹೊತ್ತು ಇನ್ನು 7 ದಿನ ಮೀರುವಂತಿಲ್ಲ.

ಮಿತಿಯ ಜಗ್ಗಾಟ ಬ್ರಿಟನ್ನಿನಲ್ಲೂ ನಡೆದಿತ್ತು: ಭಯೋತ್ಪಾದನೆಯ ಶಂಕಿತರ ಆರೋಪವಿಲ್ಲದ ಬಂಧನವನ್ನು 90 ದಿನಕ್ಕೆ ಏರಿಸುವ ಟೋನಿ ಬ್ಲೇರ್ ಸರ್ಕಾರದ ಪ್ರಸ್ತಾವ 2005ರಲ್ಲಿ ಸಂಸತ್ತಿನಲ್ಲಿ ಬಿತ್ತು. 28 ದಿನಕ್ಕೆ ಏರಿದ ಮಿತಿ 2011ರಲ್ಲಿ 14ಕ್ಕೆ ಇಳಿಯಿತು.

ಭಾರತದ ಅಂಕಿಗಳು ಬೇರೆಯವೇ. ಇಲ್ಲಿ ಸಾಮಾನ್ಯ ಅಪರಾಧಗಳಲ್ಲಿ 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ಮುಂಬೈ ದಾಳಿಯ ಮರುತಿಂಗಳೇ, 2008ರ ಡಿಸೆಂಬರಿನಲ್ಲಿ, ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಗೆ, ಅಂದರೆ ಯುಎಪಿಎಗೆ, ಸೇರಿಸಿದ 43ಡಿ ಕಲಮು ಈ ಗಡುವನ್ನು 180 ದಿನದವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಪೊಲೀಸ್ ಕಸ್ಟಡಿ 15 ದಿನದಿಂದ 30 ದಿನಕ್ಕೆ ಏರಿತು. ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಕೊಡುವಂತಿಲ್ಲ ಎಂಬ ಷರತ್ತೂ ಬಂತು. ಈ ತಿದ್ದುಪಡಿಗೂ ಮೊದಲಿದ್ದ, ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆ ಇನ್ನೂ ಕಠಿಣವಾಗಿತ್ತು: ಪೊಲೀಸ್ ಅಧೀಕ್ಷಕರ ಮುಂದೆ ಮಾಡಿದ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಕಾಡುಗಳ್ಳ ವೀರಪ್ಪನ್ ನಂಟಿನ ಆರೋಪದಲ್ಲಿ ಟಾಡಾದಡಿ ಮೈಸೂರು ಜೈಲು ಸೇರಿದ ಕಾಡಂಚಿನ ಹಳ್ಳಿಗರಲ್ಲಿ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾಗಿದ್ದು 2001ರಲ್ಲಿ, ಕಾಯ್ದೆಯ ಅವಧಿಯೇ ಮುಗಿದು ಆರು ವರ್ಷವಾದ ಮೇಲೆ.

ಯುಎಪಿಎಗೆ ಮರಳಿದರೆ, 2019ರ ವಟಾಲಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡಬಾರದೆಂದಿತು. ಬಂಧನದ ಕಾರಣಗಳನ್ನು ಯುಎಪಿಎ ಆರೋಪಿಗೂ ಬರಹದಲ್ಲೇ ಕೊಡಬೇಕೆಂದು 2024ರಲ್ಲಿ ಹೇಳಿತು. ಆರೋಪಪಟ್ಟಿಗೇನೋ 180 ದಿನದ ಗಡುವಿದೆ; ಅದರ ನಂತರದ ವಿಚಾರಣೆ ಇಂಥ ದಿನದೊಳಗೆ ಮುಗಿಯಲೇಬೇಕೆಂಬ ಗಡುವು ಯುಎಪಿಎಯಲ್ಲಿ ಇಲ್ಲ. ಕೇರಳದ ನಜೀಬ್ ಪ್ರಕರಣದಲ್ಲಿ ಆರೋಪಿ ಐದು ವರ್ಷ ದಾಟಿ ಜೈಲಿನಲ್ಲಿದ್ದ, ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ಅವನಿಗೆ ಸಿಕ್ಕ ಜಾಮೀನನ್ನು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಆ ಎರಡು ಸಂಖ್ಯೆಗಳನ್ನು ನೋಡಿಯೇ.