ಹಳೆ ಡಿಸ್ಕಿನ ಲೆಕ್ಕ ಹೊಸ ಡಿಸ್ಕಿಗೆ

ನಿಮ್ಮ ಬಚತ ಗಟದ ಲೆಕ್ಕ ಈಗ ಕಂಪ್ಯೂಟರಿನಲ್ಲಿ ಇದೆಯೇ? ಯಾರು ಎಷ್ಟು ಕಟ್ಟಿದರು, ಯಾರ ಸಾಲ ಎಷ್ಟು ಉಳಿದಿದೆ, ಎಲ್ಲ ಅದರೊಳಗೆ ಇರ್ತದೆ. ಅದನ್ನು ಇಟ್ಟುಕೊಳ್ಳುವ ಭಾಗಕ್ಕೆ ಡಿಸ್ಕು ಅಂತಾರೆ. ಡಿಸ್ಕು ಒಂದಲ್ಲ ಒಂದು ದಿನ ಕೆಡ್ತದೆ. ಅದಕ್ಕೇ ತಿಳಿದವರು ಮೊದಲೇ ಒಂದು ನಕಲು ತೆಗೆದು ಬೇರೆ ಕಡೆ ಇಡ್ತಾರೆ. ಈ ನಕಲಿನ ಹೆಸರು ಬ್ಯಾಕಪ್.

ನಕಲು ಇದೆ, ಇನ್ನೇನು ಚಿಂತೆ ಅಂತೀರಾ? ಸ್ವಲ್ಪ ತಡೀರಿ.

ನಕಲಿನಲ್ಲಿ ಎರಡು ಬಗೆ. ಒಂದು, ಬೇಕಾದ ಫೈಲುಗಳ ನಕಲು. ಇದು ಪಾತ್ರೆ, ಕಾಳು ಕಡಿ ಕಟ್ಟಿಕೊಂಡು ಬೇರೆ ಮನೆಗೆ ಹೋದ ಹಾಗೆ. ಜಾಗ ಸಾಲಿದರೆ ಯಾವ ಮನೆಯಾದರೂ ಆಯಿತು. ಇನ್ನೊಂದು, ಇಡೀ ಡಿಸ್ಕಿನ ನಕಲು. ಇದಕ್ಕೆ ಇಮೇಜ್ ಅಂತಾರೆ. ಇದು ಗೋಡೆ, ಬಾಗಿಲು, ಅಂಗಳ ಸಮೇತ ಮನೆಯನ್ನೇ ಎತ್ತಿಕೊಂಡು ಹೋದ ಹಾಗೆ.

ತೊಡಕು ಇರುವುದು ಈ ಇಮೇಜಿನಲ್ಲಿ. ಸೇರಿನಿಂದ ಜೋಳ ಅಳೆದ ಹಾಗೆ ಡಿಸ್ಕಿನ ಜಾಗವನ್ನು ಜಿಬಿಯಿಂದ ಅಳೀತಾರೆ. ಹಳೆ ಡಿಸ್ಕು 500 ಜಿಬಿ ಅಂತ ತಿಳಿಯಿರಿ. ಅದರಲ್ಲಿ ತುಂಬಿದ್ದು 80 ಜಿಬಿ ಮಾತ್ರ. ಹೊಸದು 240 ಜಿಬಿ. 80 ಜಿಬಿ 240ರಲ್ಲಿ ಹಿಡಿಯಬೇಕಲ್ಲ? ಆದರೂ ವಿಂಡೋಸ್ ಜೊತೆಗೆ ಬರುವ ಇಮೇಜ್ ಸಾಧನ ಒಪ್ಪೋದಿಲ್ಲ. ಹೊಸ ಡಿಸ್ಕು ಹಳೆಯದರಷ್ಟಾದರೂ ದೊಡ್ಡದು ಇರಬೇಕು ಅಂತದೆ. ಅಂಗಳ ಖಾಲಿ ಇದ್ದರೂ 60 ಅಡಿ ಜಾಗದ ಮನೆ 30 ಅಡಿ ಜಾಗದಲ್ಲಿ ಇಳಿಯೋದಿಲ್ಲ ನೋಡ್ರಿ. ಈಗಿನ ಎಸ್‌ಎಸ್‌ಡಿ ಡಿಸ್ಕುಗಳು ಬೇಗ ಕೆಲಸ ಮಾಡ್ತವೆ, ಆದರೆ ಅಷ್ಟೇ ಹಣಕ್ಕೆ ಜಾಗ ಕಡಿಮೆ ಸಿಗ್ತದೆ. ಹಾಗಾಗಿ ಹಳೆಯದು ತೆಗೆದು ಎಸ್‌ಎಸ್‌ಡಿ ಹಾಕಿಸುವವರಿಗೆ ಈ ಪೇಚು ಬರ್ತದೆ.

ಆಗ ಏನು ಮಾಡೋದು? 500 ಜಿಬಿ ಇಲ್ಲವೆ ಅದಕ್ಕಿಂತ ದೊಡ್ಡ ಡಿಸ್ಕು ಹಾಕಿಸಬಹುದು. ಅಥವಾ ಸಣ್ಣ ಡಿಸ್ಕಿಗೇ ವಿಂಡೋಸ್ ಹೊಸದಾಗಿ ಹಾಕಿಸಿ, ಫೈಲುಗಳನ್ನು ಮಾತ್ರ ತರಿಸಿಕೊಳ್ಳಬಹುದು. ಗಟದ ಲೆಕ್ಕಕ್ಕೆ ಎರಡನೆಯದೇ ಮೇಲು. ನಿಮ್ಮಲ್ಲಿ ಇಮೇಜ್ ಒಂದೇ ಇದ್ದರೂ ಹೆದರಬೇಡಿ. ಅದನ್ನು ತೆರೆದು ಒಳಗಿನ ಫೈಲು ತೆಗೆಯಲು ಬರ್ತದೆ. ತಿಳಿದವರಿಂದ ಮಾಡಿಸಿ.

ಫೈಲು ಮಾತ್ರ ತಂದಾಗ ಎರಡು ಕಡೆ ಗಾಬರಿ ಆಗ್ತದೆ. ಲೆಕ್ಕದ ಪ್ರೋಗ್ರಾಂ ತೆರೆದರೆ ಏನೂ ಕಾಣೋದಿಲ್ಲ. ಹಳೆ ಡಿಸ್ಕಿನಲ್ಲಿ ಲೆಕ್ಕ ‘ಡಿ’ ಎಂಬ ಭಾಗದಲ್ಲಿತ್ತು, ಹೊಸದರಲ್ಲಿ ‘ಸಿ’ ಒಂದೇ ಇದೆ. ಪ್ರೋಗ್ರಾಂ ಪಾಪ, ಇಲ್ಲದ ಮನೆಯ ಬಾಗಿಲು ಬಡೀತಾ ಇರ್ತದೆ. ಲೆಕ್ಕ ಈಗ ಎಲ್ಲಿದೆ ಅಂತ ಅದಕ್ಕೆ ತೋರಿಸಿಕೊಡಬೇಕು.

ಎರಡನೆಯದು ನಮ್ಮ ಕನ್ನಡದ್ದು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಠರಾವು ತೆರೆದರೆ, ಕನ್ನಡದ ಬದಲು ಇಂಗ್ಲಿಷಿನಂಥ ಗೀಚು ಕಾಣ್ತದೆ. ಹಾಳಾಯಿತು ಅಂತ ಅಳಿಸಬೇಡಿ! ಬರೆದದ್ದು ಹಾಗೇ ಇದೆ, ಅಕ್ಷರದ ಅಚ್ಚು ಮಾತ್ರ ಬಂದಿಲ್ಲ. ನುಡಿ ಹಾಕಿಸಿದರೆ ಕನ್ನಡ ಮತ್ತೆ ಕಾಣ್ತದೆ.

ಇಮೇಜನ್ನೇ ಹಾಕಿಸುವುದಾದರೆ ಒಂದು ಎಚ್ಚರ. ಅದನ್ನು ಹಾಕುವ ಡಿಸ್ಕಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗ್ತದೆ. ಹಳೆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕೆ ಇಡಿಸಿ.

ಅಂಗಡಿಯವರು ‘ಎಲ್ಲ ಬಂತು’ ಅಂದ ಕೂಡಲೆ ಎದ್ದು ಬರಬೇಡಿ. ಹೋದ ತಿಂಗಳ ಲೆಕ್ಕ ತೆರೆಸಿ. ನಿಮ್ಮ ಹೆಸರು, ಕಟ್ಟಿದ ಹಣ ನೀವೇ ಓದಿ, ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ. ಹಳೆ ಡಿಸ್ಕನ್ನು ಅಲ್ಲಿ ಬಿಡದೆ ಮನೆಗೆ ತನ್ನಿ.