ಕರೆದರಷ್ಟೇ ಓಗೊಡುವ ಚೀಟಿ

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬ್ರೇಕರ್, ವೈಬ್ರೇಟರ್, ಡ್ರಿಲ್ಲಿಂಗ್ ಮಷೀನ್, ಜನರೇಟರ್‌ಗಳನ್ನು ಕಟ್ಟಡ ಕೆಲಸಕ್ಕೆ ಬಾಡಿಗೆ ಕೊಡುವುದು ಅವರ ವ್ಯಾಪಾರ. ಹೋದ ಸಾಮಾನೆಲ್ಲ ವಾಪಸ್ ಬರುವುದಿಲ್ಲ. ಬಂದದ್ದೂ ಗೋಡೌನಿನ ಯಾವ ಮೂಲೆ ಸೇರಿತೆಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದಂತೆ. ‘ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್‌ನಂಥದ್ದನ್ನು ಪ್ರತಿ ಮಷೀನಿಗೂ ಅಂಟಿಸಿದರೆ, ಅದು ಯಾವ ಊರಿನಲ್ಲಿದ್ದರೂ ಮೊಬೈಲಿನಲ್ಲಿ ಕಾಣುತ್ತದಲ್ಲವೇ ಸರ್?’ ಎಂದು ಕೇಳಿದ್ದಾರೆ.

ಕಾಣುವುದಿಲ್ಲ. ಆದರೂ ಅಂಟಿಸಿ ಎಂದೇ ಹೇಳುತ್ತೇನೆ. ಆ ಚೀಟಿ ಮಾಡುವ ಕೆಲಸ ಬೇರೆ, ಅದನ್ನು ಮಾಡುವ ರೀತಿಯಂತೂ ನನಗೆ ಎಷ್ಟು ಸಲ ಯೋಚಿಸಿದರೂ ಬೆರಗು ಹುಟ್ಟಿಸುತ್ತದೆ.

ದೊಡ್ಡ ಬಟ್ಟೆ ಅಂಗಡಿಯಿಂದ ತಂದ ಶರ್ಟಿನ ಬೆಲೆಚೀಟಿ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಚೀಟಿಗಳ ಒಳಗೆ ಅಂಕುಡೊಂಕಾಗಿ ಮಡಚಿದ ಅಲ್ಯೂಮಿನಿಯಂ ಗೆರೆ ಕಾಣುತ್ತದೆ. ಅದು ಆ್ಯಂಟೆನಾ. ನಟ್ಟನಡುವೆ ಅರ್ಧ ಮಿಲಿಮೀಟರ್ ಆಸುಪಾಸಿನ ಕಪ್ಪು ಚುಕ್ಕೆಯೊಂದಿರುತ್ತದೆ. ಅದು ಚಿಪ್. ಅಷ್ಟೇ, ಮತ್ತೇನೂ ಇಲ್ಲ. ಬ್ಯಾಟರಿ ಇಲ್ಲ, ಸಿಮ್ ಇಲ್ಲ. ಫಾಸ್ಟ್ಯಾಗ್ ಒಳಗೆ ಇರುವುದೂ ಇದೇ ಜಾತಿಯ ವಸ್ತು.

ಬ್ಯಾಟರಿ ಇಲ್ಲದೆ ಚಿಪ್ ಹೇಗೆ ಕೆಲಸ ಮಾಡುತ್ತದೆ? ಎದುರಿಗೆ ಚೀಟಿ ಓದುವ ಯಂತ್ರ, ಅಂದರೆ ರೀಡರ್ ಇರುತ್ತದೆ, ಭಾರತದಲ್ಲಿ ಅದು 866 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಅಲೆ ಹೊರಡಿಸುತ್ತದೆ. ಆ ಅಲೆಯಿಂದಲೇ ಚಿಪ್ ಒಂದಿಷ್ಟು ಶಕ್ತಿ ಹೀರಿ ಎಚ್ಚರವಾಗುತ್ತದೆ. ಅದಕ್ಕೆ ಬೇಕಾದದ್ದು ಸುಮಾರು 10 ಮೈಕ್ರೊವ್ಯಾಟ್, ಅಂದರೆ ಒಂದು ವ್ಯಾಟ್‌ನ ಲಕ್ಷದಲ್ಲೊಂದು ಪಾಲು.

ಎಚ್ಚರವಾಯಿತು, ಸರಿ. ಉತ್ತರ ಕೊಡುವುದು ಹೇಗೆ? ಸ್ವಂತವಾಗಿ ಅಲೆ ಹೊರಡಿಸುವ ತಾಕತ್ತು ಅದಕ್ಕಿಲ್ಲ. ಇಲ್ಲೇ ಇರುವುದು ಸೊಗಸು. ಶಾಲೆಯಲ್ಲಿ ಕಿಟಕಿ ಪಕ್ಕ ಕೂತ ಹುಡುಗ ಸಣ್ಣ ಕನ್ನಡಿಯಿಂದ ಬಿಸಿಲನ್ನು ದೂರದ ಗೋಡೆಯ ಮೇಲೆ ಕುಣಿಸುತ್ತಾನಲ್ಲ, ಬೆಳಕು ಸೂರ್ಯನದು, ಓರೆ ಮಾಡುವ ಕೈ ಮಾತ್ರ ಅವನದು. ಚಿಪ್ ಮಾಡುವುದೂ ಅದನ್ನೇ. ತನ್ನ ಆ್ಯಂಟೆನಾಕ್ಕೆ ಜೋಡಿಸಿದ ಪುಟ್ಟ ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆಯುತ್ತದೆ. ಒಂದು ಸ್ಥಿತಿಯಲ್ಲಿ ಆ್ಯಂಟೆನಾ ಅಲೆಯನ್ನು ಹೆಚ್ಚು ಹಿಂದಿರುಗಿಸುತ್ತದೆ, ಇನ್ನೊಂದರಲ್ಲಿ ಕಡಿಮೆ. ಹಿಂದಿರುಗಿದ ಅಲೆಯ ಈ ಏರಿಳಿತವನ್ನೇ ರೀಡರ್ ಸೊನ್ನೆ–ಒಂದುಗಳಾಗಿ ಓದಿಕೊಳ್ಳುತ್ತದೆ. ಆ ಉತ್ತರ ಸಾಮಾನ್ಯವಾಗಿ 96 ಬಿಟ್‌ಗಳ ಒಂದು ಸಂಖ್ಯೆ. ರೀಡರ್ ಕೊಟ್ಟ ಅಲೆಯಲ್ಲೇ ರೀಡರ್‌ಗೆ ಉತ್ತರ!

ಈ ಉಪಾಯದ ಮೂಲ ವ್ಯಾಪಾರದಲ್ಲಿಲ್ಲ, ಬೇಹುಗಾರಿಕೆಯಲ್ಲಿದೆ. 1945ರಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಆವೆರೆಲ್ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನವನ್ನು ಉಡುಗೊರೆ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯ ಮೇಲೆ ವರ್ಷಗಟ್ಟಲೆ ತೂಗಿತು. ಒಳಗೆ ಲೋಹದ ಪುಟ್ಟ ಡಬ್ಬಿ, ಅದಕ್ಕೊಂದು ತೆಳು ಪೊರೆ, ಒಂದು ಆ್ಯಂಟೆನಾ ಕಡ್ಡಿ. ಇದಕ್ಕೂ ಬ್ಯಾಟರಿ ಇರಲಿಲ್ಲ. ಹೊರಗಿನಿಂದ ಯಾರೋ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತಿಗೆ ಪೊರೆ ಅದುರಿದಂತೆ ಹಿಂದಿರುಗುವ ಅಲೆಯೂ ಬದಲಾಗುತ್ತಿತ್ತು. ತಾನಾಗಿ ಏನನ್ನೂ ಬಿತ್ತರಿಸದ ವಸ್ತುವನ್ನು ಪತ್ತೆ ಮಾಡುವುದಾದರೂ ಹೇಗೆ? ಅದು ಸಿಕ್ಕಿಬಿದ್ದದ್ದು 1952ರಲ್ಲಿ. ಮಾಡಿದವನು ಲೆವ್ ತೆರ್ಮೆನ್, ಕೈ ತಾಗಿಸದೆ ನುಡಿಸುವ ತೆರೆಮಿನ್ ವಾದ್ಯ ಕಂಡುಹಿಡಿದವನೇ. ಈ ನಡುವೆ, 1948ರಲ್ಲಿ, ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ ಪ್ರತಿಫಲಿತ ಅಲೆಯಿಂದ ಸಂಪರ್ಕ ಸಾಧಿಸುವ ಬಗ್ಗೆ ಪ್ರಬಂಧವನ್ನೇ ಪ್ರಕಟಿಸಿದ್ದ.

ಇನ್ನು, ಇಂಥ ಚಿಪ್ ಎಲ್ಲಿದ್ದರೂ ಕಾಣುತ್ತದೆಂಬ ನಮ್ಮ ಮೂಢನಂಬಿಕೆಯ ಮಾತು. 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿ ನೋಟು ಬಂದಾಗ, ಅದರಲ್ಲಿ ‘ನ್ಯಾನೊ ಜಿಪಿಎಸ್ ಚಿಪ್’ ಇದೆ, ನೆಲದಡಿ 120 ಮೀಟರ್ ಹೂತಿಟ್ಟರೂ ಉಪಗ್ರಹ ಕಂಡುಹಿಡಿಯುತ್ತದೆ ಎಂದು ವಾಟ್ಸ್ಯಾಪ್ ತುಂಬ ಹರಿದಾಡಿತು. ಟೀವಿಯಲ್ಲೂ ಬಂತು. ರಿಸರ್ವ್ ಬ್ಯಾಂಕ್ ಅಲ್ಲಗಳೆದರೂ ಓದಿದವರೇ ನಂಬಿದರು. ಎಂಜಿನಿಯರಿಂಗ್ ಕಾಲೇಜುಗಳಿಂದ ತುಂಬಿದ ನಾಡಿನಲ್ಲಿ ಇದು ನಾಚಿಕೆಯ ಸಂಗತಿ. ಜಿಪಿಎಸ್ ಉಪಗ್ರಹಗಳು ಇರುವುದು 20,000 ಕಿಲೋಮೀಟರಿಗೂ ಎತ್ತರದಲ್ಲಿ. ಅವು ನೆಲದ ಮೇಲಿನ ಯಾವುದನ್ನೂ ನೋಡುವುದಿಲ್ಲ, ‘ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ’ ಎಂದು ಸಾರುತ್ತ ಸುತ್ತುತ್ತವೆ. ಅದನ್ನು ಕೇಳಿ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಬೇಕಾದದ್ದು ನೆಲದ ಮೇಲಿನ ಯಂತ್ರ. ಆ ಲೆಕ್ಕವನ್ನು ನಿಮಗೆ ತಿಳಿಸಲು ಅದಕ್ಕೆ ಸಿಮ್ ಬೇಕು, ಇದಕ್ಕೆಲ್ಲ ಬ್ಯಾಟರಿ ಬೇಕು. ಬ್ಯಾಟರಿಯಿಲ್ಲದ ಚೀಟಿಗೆ ದಕ್ಕುವ ದೂರ ಸಾಮಾನ್ಯವಾಗಿ ಹತ್ತು ಮೀಟರ್ ಆಸುಪಾಸು. ದೂರ ಎರಡು ಪಟ್ಟಾದರೆ ಚೀಟಿಗೆ ತಲುಪುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ, ಅದು ರೀಡರ್‌ಗೆ ಮರಳುವಷ್ಟರಲ್ಲಿ ಹದಿನಾರರಲ್ಲಿ ಒಂದು ಪಾಲು.

ಹಾಗಾದರೆ ಬಾಡಿಗೆ ಅಂಗಡಿಗೆ ಇದರಿಂದೇನು ಉಪಯೋಗ? ಬಾಗಿಲು! ಗೋಡೌನಿನ ಬಾಗಿಲ ಎರಡೂ ಬದಿಗೆ ಆ್ಯಂಟೆನಾ ನಿಲ್ಲಿಸಿದರೆ, ಟೆಂಪೊಗೆ ಏರಿಸಿದ ಪ್ರತಿ ಮಷೀನಿನ ನಂಬರು, ಹೋದ ಹೊತ್ತು, ಬಂದ ಹೊತ್ತು ತಾನಾಗಿ ದಾಖಲಾಗುತ್ತದೆ. ಒಟ್ಟಿಗೆ ನೂರಾರು ಚೀಟಿ ಹಾದರೂ ತೊಂದರೆಯಿಲ್ಲ, ಪ್ರತಿಯೊಂದೂ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿಕೊಂಡು ತನ್ನ ಸರದಿಗೆ ಕಾಯುತ್ತದೆ. ಮೂಲೆ ಸೇರಿದ್ದನ್ನು ಹುಡುಕಲು ಕೈಯಲ್ಲಿ ಹಿಡಿಯುವ ರೀಡರ್ ಇದೆ. ಬೇಕಾದ ನಂಬರು ಒತ್ತಿ ನಡೆದರೆ, ಸಮೀಪಿಸಿದಂತೆಲ್ಲ ಬೀಪ್ ಬಿರುಸಾಗುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಸಾಮಾನೆಲ್ಲ ಕಬ್ಬಿಣ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನಾನೇ ನಿಂತು ನೋಡಿದ್ದೇನೆ: ಸ್ಟೀಲ್ ಪೆಟ್ಟಿಗೆಗೆ ಅಂಟಿಸಿದ ಕಾಗದದ ಚೀಟಿಗೆ ಸ್ಟೋರ್ ಹುಡುಗ ರೀಡರ್ ಹಿಡಿದ, ಸದ್ದಿಲ್ಲ. ಮುಟ್ಟುವಷ್ಟು ಹತ್ತಿರ ತಂದ, ಆಗಲೂ ಇಲ್ಲ. ಚೀಟಿ ಕಿತ್ತು, ನಡುವೆ ದಪ್ಪನೆಯ ಥರ್ಮೋಕೋಲ್ ತುಂಡಿಟ್ಟು ಮತ್ತೆ ಅಂಟಿಸಿದ್ದೇ ತಡ, ನಾಲ್ಕು ಹೆಜ್ಜೆ ದೂರದಿಂದಲೇ ಬೀಪ್ ಅಂದಿತು. ಲೋಹಕ್ಕೆ ಬಡಿದ ಅಲೆ ತಲೆಕೆಳಗಾಗಿ ಹಿಂದಿರುಗುತ್ತದೆ, ಬರುವ ಅಲೆಯನ್ನು ಲೋಹದ ಮೈಮೇಲೆಯೇ ರದ್ದು ಮಾಡುತ್ತದೆ. ಅಲ್ಲಿ ಅಂಟಿಕೊಂಡ ಚಿಪ್‌ಗೆ ಉಪವಾಸವೇ ಗತಿ. ಹಾಗಾಗಿ ಕಬ್ಬಿಣಕ್ಕೆಂದೇ ಮಾಡಿದ ದಪ್ಪ ಟ್ಯಾಗ್‌ಗಳು ಸಿಗುತ್ತವೆ. ಒಳಗೆ ಸೆರಾಮಿಕ್ ಅಥವಾ ಫೋಮ್ ಪದರವಿದ್ದು, ಲೋಹವನ್ನೇ ಆ್ಯಂಟೆನಾದ ಭಾಗವಾಗಿ ಬಳಸಿಕೊಳ್ಳುತ್ತವೆ. ಬೆಲೆ ಕಾಗದದ ಚೀಟಿಗಿಂತ ಸಾಕಷ್ಟು ಹೆಚ್ಚು, ಆದರೆ ಬ್ರೇಕರ್‌ನಂಥ ಮಷೀನಿಗೆ ಬೇರೆ ದಾರಿಯಿಲ್ಲ. ಅಂಟಿನ ಬದಲು ರಿವೆಟ್ ಹೊಡೆಸಿ, ಕಿತ್ತು ಬಿಸಾಡುವುದು ಅಷ್ಟು ಸುಲಭವಾಗುವುದಿಲ್ಲ.

ಜನರೇಟರ್ ವಿಷಯ ಬೇರೆ. ಅದು ತಿಂಗಳುಗಟ್ಟಲೆ ಹೊರಗಿರುತ್ತದೆ, ಬೆಲೆಯೂ ಜಾಸ್ತಿ. ಅದೊಂದಕ್ಕೆ ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್ ಹಾಕಿಸಿ, ಜನರೇಟರಿನ ಬ್ಯಾಟರಿಯಿಂದಲೇ ಅದಕ್ಕೆ ಕರೆಂಟ್ ಸಿಗುತ್ತದೆ. ಉಳಿದವಕ್ಕೆ ಟ್ಯಾಗ್ ಸಾಕು. ಎಲ್ಲಕ್ಕೂ ಒಟ್ಟಿಗೆ ತರಿಸುವ ಮೊದಲು ನಾಲ್ಕಾರು ತರಿಸಿ, ನಿಮ್ಮ ಟೆಂಪೊಗೆ ಸಾಮಾನು ತುಂಬಿಸಿ, ನಿಮ್ಮದೇ ಬಾಗಿಲಲ್ಲಿ ಹಾಯಿಸಿ ನೋಡಿ.